ನೋಟದ ಋಣ

ಊರು ನೋಡಲು ಹೊರಡುವುದು ಒಂದು ಸುಖ. ಆತುರವಿಲ್ಲದೆ ಹೊರಡುವುದು ಅದಕ್ಕಿಂತ ದೊಡ್ಡ ಸುಖ. ಗಂಟೆಯ ಹಂಗಿಲ್ಲದೆ, ಮನಸ್ಸು ಬಂದಲ್ಲಿ ಗಾಡಿ ನಿಲ್ಲಿಸಿ, ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿ, ದಾರಿಯಲ್ಲಿ ಸಿಕ್ಕವರೊಡನೆ ನಾಲ್ಕು ಮಾತಾಡಿ ಮುಂದೆ ಸಾಗುವವನಿಗೆ ನಾಡು ತಾನಾಗಿ ಪರಿಚಯವಾಗುತ್ತದೆ. ಹೀಗೆ ಕಂಡ ನೋಟಕ್ಕೆ ನಾವು ಬೆಲೆ ಕೊಡುವುದಿಲ್ಲ. ಹೊಳೆಯ ಮೇಲಿನ ಸಂಜೆಯ ಬೆಳಕಿಗೆ ಚೀಟಿ ಹರಿಯುವವರು ಯಾರೂ ಇಲ್ಲ. ಆದರೆ ಕೆಲವು ನೋಟಗಳಿಗೆ ನಮಗಿಂತ ಮೊದಲೇ ಬೇರೆ ಯಾರೋ ಬೆಲೆ ತೆತ್ತಿರುತ್ತಾರೆ. ಅಂಥ ನೋಟದ ಮುಂದೆ ನಿಂತವನು ಹೇಗೆ ನೋಡಬೇಕು? ಕಣ್ತುಂಬ ನೋಡಿ ಸಂತೋಷಪಡುವುದು ಸರಿಯೆ? ಸಂತೋಷಪಟ್ಟರೆ ಅವನ ಮೇಲೆ ಏನಾದರೂ ಹೊಣೆ ಬೀಳುತ್ತದೆಯೆ? ಇದು ಪುಸ್ತಕದೊಳಗಿನ ಪ್ರಶ್ನೆಯೆಂದು ಕೆಲವರಿಗೆ ತೋರಬಹುದು. ವಿಜಯಪುರದಿಂದ ಹೊರಟು ತಿಕೋಟಾ, ಬಬಲೇಶ್ವರಗಳನ್ನು ಹಾದು ಕೃಷ್ಣೆಯ ದಂಡೆಗೆ ಇಳಿಯುವವರಿಗೆ ಅದು ದಾರಿಯ ಮೇಲೆಯೇ ಎದುರಾಗುವ ಪ್ರಶ್ನೆ.

ಶಿವರಾತ್ರಿ ಕಳೆದ ವಾರದಲ್ಲಿ ಸ್ನೇಹಿತರೊಬ್ಬರ ಕಾರಿನಲ್ಲಿ ನಾನು ಈ ದಾರಿಯನ್ನು ನಿಧಾನವಾಗಿ ಸುತ್ತಿ ಬಂದೆ. ನೇರ ರಸ್ತೆಯಲ್ಲಿ ಹೋದರೆ ಒಂದೆರಡು ಗಂಟೆಯಲ್ಲಿ ಆಲಮಟ್ಟಿ ಮುಟ್ಟಬಹುದು. ನಾವು ಪಶ್ಚಿಮಕ್ಕೆ ಸುತ್ತು ಹಾಕಿ ಎರಡು ದಿನ ತೆಗೆದುಕೊಂಡೆವು.

ನಗರ ದಾಟಿದೊಡನೆ ತೊರವಿ. ಕುಮಾರ ವಾಲ್ಮೀಕಿಯ ರಾಮಾಯಣಕ್ಕೆ ಹೆಸರು ಕೊಟ್ಟ ಈ ಊರಿನ ಬಳಿಯಲ್ಲಿಯೇ ಎರಡನೆಯ ಇಬ್ರಾಹಿಂ ಆದಿಲ್ ಶಾಹನು 1599ರಲ್ಲಿ ನೌರಸಪುರವೆಂಬ ಹೊಸ ನಗರವನ್ನು ಕಟ್ಟಲು ತೊಡಗಿದನು. ಸಂಗೀತಪ್ರಿಯನಾದ ಸುಲ್ತಾನನ ಕನಸಿನ ಪಟ್ಟಣ ಅದು. 1624ರಲ್ಲಿ ಮಲಿಕ್ ಅಂಬರನ ಸೈನ್ಯ ಬಂದು ಅದನ್ನು ಹಾಳುಗೆಡವಿತು. ಇಂದು ಅಲ್ಲಿ ಮುರಿದ ಕಮಾನುಗಳಿವೆ, ಗೋಡೆಗಳಿವೆ, ಅವುಗಳ ನಡುವೆ ಮೇಯುವ ಆಡುಗಳಿವೆ. ಅಲ್ಲಿ ನಿಂತು ನಾವು ಸಂತೋಷವಾಗಿಯೇ ನೋಡಿದೆವು. ಯಾರ ಮನೆ ಹಾಳಾಯಿತು, ಯಾರು ಎಲ್ಲಿಗೆ ಹೋದರು ಎಂದು ಯಾರೂ ಕೇಳಲಿಲ್ಲ. ನಾಲ್ಕು ನೂರು ವರ್ಷಗಳ ಕಾಲ ಆ ಕಲ್ಲುಗಳ ಮೇಲಿನ ಕಣ್ಣೀರನ್ನು ಒಣಗಿಸಿದೆ.

ಮುಂದೆ ತಿಕೋಟಾ. ಹಳೆಯ ದೊಡ್ಡ ಗ್ರಾಮ, ಈಚೆಗೆ ತಾಲ್ಲೂಕಿನ ಕೇಂದ್ರ. ಈ ಸೀಮೆಗೆ ವರ್ಷಕ್ಕೆ ಬೀಳುವ ಮಳೆ ಆರುನೂರು ಮಿಲಿಮೀಟರಿನ ಆಸುಪಾಸು. ಅದೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಜೋಳವೇ ಇಲ್ಲಿಯ ಜೀವ. ಆದರೆ ಈಗ ರಸ್ತೆಯ ಎರಡೂ ಬದಿಗೆ ದ್ರಾಕ್ಷಿಯ ಚಪ್ಪರಗಳು. ಅವುಗಳ ಪಕ್ಕದಲ್ಲಿ ಹಸಿರು ಪರದೆ ಇಳಿಬಿಟ್ಟ ಉದ್ದನೆಯ ಶೆಡ್ಡುಗಳು. ನಾವು ಹೋದಾಗ ಒಣದ್ರಾಕ್ಷಿಯ ಕೆಲಸ ಭರದಿಂದ ಸಾಗಿತ್ತು. ಕೊಯ್ದ ಗೊಂಚಲುಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಕದಡಿದ ನೀರಿನಲ್ಲಿ ಅದ್ದಿ, ಒಂದರ ಮೇಲೊಂದು ಕಟ್ಟಿದ ಬಲೆಯ ಅಟ್ಟಗಳ ಮೇಲೆ ಹರಡುತ್ತಾರೆ. ಎರಡು ಮೂರು ವಾರಗಳಲ್ಲಿ ನಾಲ್ಕು ಕಿಲೋ ಹಣ್ಣು ಸುಮಾರು ಒಂದು ಕಿಲೋ ಒಣದ್ರಾಕ್ಷಿಯಾಗುತ್ತದೆ. ಶೆಡ್ಡಿನ ಒಡೆಯರಾದ ರೈತರೊಬ್ಬರು ಬೊಗಸೆ ತುಂಬ ಕೊಟ್ಟು, “ತಿನ್ನರಿ, ತಿನ್ನರಿ, ಇದು ಬರಗಾಲದ ನಾಡಿನ ಸಕ್ರಿ ಅದ” ಎಂದರು. ಬಾವಿ ಬತ್ತಿದ ವರ್ಷಗಳಲ್ಲಿ ಟ್ಯಾಂಕರಿನಿಂದ ನೀರು ಕೊಂಡು ಬಳ್ಳಿಯ ಬುಡಕ್ಕೆ ಹೊಯ್ದ ಕತೆಯನ್ನೂ ಹೇಳಿದರು. “ಮಗಳ ಮದಿವಿಗೆ ಇಟ್ಟ ರೊಕ್ಕ ನೀರಿಗೆ ಹಾಕೀನ್ರಿ. ಈಗ ಹೊಳಿ ನೀರು ಕೆನಾಲಿಗೆ ಬಂದದ, ಬಾವಿ ಒಳಗ ಸೆಲಿ ಕಾಣ್ತದ. ನಮ್ಮ ಪಾಲಿಗೆ ಕೃಷ್ಣವ್ವನ ದೇವ್ರು.”

ಈ ಮಾತನ್ನು ನಾನು ಹಗುರಾಗಿ ತೆಗೆದುಕೊಳ್ಳಲಾರೆ. ತಿಕೋಟಾ ದಾಟಿ ದಕ್ಷಿಣಕ್ಕೆ ತಿರುಗಿದರೆ ಡೋಣಿ ನದಿ ಅಡ್ಡಬರುತ್ತದೆ. ಡೋಣಿ ಬೆಳೆದರೆ ಓಣಿಗೆಲ್ಲ ಕಾಳು ಎಂಬ ಮಾತು ಈ ಸೀಮೆಯ ಮಕ್ಕಳಿಗೂ ಗೊತ್ತು. ಆ ಹೊಳೆಯ ಎರೆಮಣ್ಣು ಬಂಗಾರ, ನೀರು ಉಪ್ಪು. ಬೇಸಗೆಯಲ್ಲಿ ಅದರ ಒಡಲು ಬಿರಿದ ನೆಲ. ಬಬಲೇಶ್ವರದ ಆಚೆ ಮಮದಾಪುರದಲ್ಲಿ ಮಹಮ್ಮದ್ ಆದಿಲ್ ಶಾಹನ ಕಾಲದ ದೊಡ್ಡ ಕೆರೆಯಿದೆ. ಗೋಳಗುಮ್ಮಟವನ್ನು ಕಟ್ಟಿಸಿದ ಅರಸನೇ ಇಲ್ಲಿ ನೀರು ಕಟ್ಟಿಸಿದನು. ಗುಮ್ಮಟವನ್ನು ನೋಡಲು ಜಗತ್ತೆಲ್ಲ ಬರುತ್ತದೆ. ಕೆರೆಯನ್ನು ನೋಡಲು ಬರುವವರು ಕಡಮೆ. 1876ರಿಂದ 78ರವರೆಗೆ ಈ ಪ್ರಾಂತವನ್ನು ಸುಟ್ಟ ಬರದಲ್ಲಿ ಜನ ಮನೆಗೆ ಕದ ಹಾಕಿ ದೇಶಾಂತರ ಹೋದರು. ಅಣೆಕಟ್ಟು ಬೇಡವಾಗಿತ್ತೆಂದು ನಗರದ ನಲ್ಲಿಯ ಕೆಳಗೆ ಕೊಡ ಇಟ್ಟು ಹೇಳುವವರು ಈ ಚರಿತ್ರೆಯನ್ನು ಒಮ್ಮೆ ಓದಬೇಕು. ಹೊಳೆಯ ನೀರನ್ನು ಎತ್ತಿ ತಂದು ಇಂಥ ಕೆರೆಗಳನ್ನು ತುಂಬಿಸುವ ಕೆಲಸ ನಮ್ಮ ಕಾಲದ ದೊಡ್ಡ ಕೆಲಸಗಳಲ್ಲಿ ಒಂದು ಎಂಬುದರಲ್ಲಿ ನನಗೆ ಸಂಶಯವಿಲ್ಲ. ತುಂಬಿದ ಕೆರೆಯ ಏರಿಯ ಮೇಲೆ ಕುಳಿತು ನಾವು ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಹಕ್ಕಿಗಳಿದ್ದವು, ಗಾಳಿಯಿತ್ತು. ಅದಕ್ಕಿಂತ ಒಳ್ಳೆಯ ಊಟ ನೆನಪಿಲ್ಲ.

ಮರುದಿನ ಕೊಲ್ಹಾರಕ್ಕೆ ಬಂದೆವು. ಇಲ್ಲಿ ಕೃಷ್ಣೆ ಹೊಳೆಯಾಗಿ ಉಳಿದಿಲ್ಲ, ಸಮುದ್ರವಾಗಿದೆ. ಕೊರ್ತಿ–ಕೊಲ್ಹಾರ ಸೇತುವೆಯ ಉದ್ದವೇ ಸುಮಾರು 3 ಕಿಲೋಮೀಟರು. ಎರಡೂ ಕಡೆಗೆ ಕಣ್ಣು ಹಾಯುವಷ್ಟು ದೂರ ನೀರು. ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಇಷ್ಟು ನೀರನ್ನು ಒಟ್ಟಿಗೆ ಕಂಡರೆ ಮಾತು ನಿಲ್ಲುತ್ತದೆ. ವಿಜಯಪುರ ನಗರ ಕುಡಿಯುವುದು ಈ ನೀರನ್ನು. ಕೊಲ್ಹಾರದ ಮೊಸರನ್ನು ಬಲ್ಲದವರು ಉತ್ತರ ಕರ್ನಾಟಕದಲ್ಲಿ ಇಲ್ಲ. ಮಣ್ಣಿನ ಗಡಿಗೆಯಲ್ಲಿ ಹೆಪ್ಪುಗೊಂಡ, ಗಡಿಗೆ ಬೋರಲು ಹಾಕಿದರೂ ಚೆಲ್ಲದ ಮೊಸರು. ಅದನ್ನು ಮಾರುತ್ತಿದ್ದ ವಯಸ್ಸಾದ ಹೆಣ್ಣುಮಗಳೊಬ್ಬಳನ್ನು, “ಆಯೀ, ನೀವು ಈ ಊರವ್ರೇನ್ರಿ?” ಎಂದು ಕೇಳಿದೆ.

“ಯಾವ ಊರು ಕೇಳ್ತೀಯಪಾ? ಹಳೇ ಊರೋ, ಹೊಸಾ ಊರೋ?” ಎಂದಳು ಆಕೆ. ಬಳಿಕ ಸೆರಗಿನಿಂದ ಕೈ ಒರಸಿಕೊಂಡು ನೀರಿನ ಕಡೆ ಬೊಟ್ಟು ಮಾಡಿದಳು. “ನಮ್ಮ ಮನಿ ಅಲ್ಲಿತ್ತು. ಎಮ್ಮಿ ತಾವ ಹೊಳಿಗಿ ಹೋಗಿ ನೀರ ಕುಡದು ತಾವ ಹೊಳ್ಳಿ ಬರ್ತಿದ್ದುವು.”

“ಪರಿಹಾರ ಬಂತಲ್ರಿ?”

“ಬಂತಪಾ. ಸುಳ್ಳ ಯಾಕ ಹೇಳ್ಲಿ? ಮನೀದು ಬಂತು, ಹೊಲದ್ದು ಬಂತು, ಅಂಗಳದಾಗಿನ ಬೇವಿನ ಗಿಡದ್ದೂ ಬರಕೊಂಡ್ರು. ಗಿಡದ ನೆರಳಿಂದು ಯಾರ ಬರಕೋತಾರ? ಆ ನೆರಳಿಗೆ ಕುಂಡ್ರವ್ರು ಹತ್ತ ಮನಿಯವ್ರು ಇದ್ದಿವಿ. ಈಗ ಹತ್ತ ಕಡೆ ಆಗೀವಿ.”

ಆಕೆಯ ದನಿಯಲ್ಲಿ ದೂರಿರಲಿಲ್ಲ. ಮೊಸರು ತೂಗಿ ಕೊಟ್ಟು, ಚಿಲ್ಲರೆ ಎಣಿಸಿ, ಮುಂದಿನ ಗಿರಾಕಿಯ ಕಡೆ ತಿರುಗಿದಳು.

ಆಲಮಟ್ಟಿಯಲ್ಲಿ ಸಂಜೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಅಡಿಗಲ್ಲಿಟ್ಟ ಅಣೆಕಟ್ಟು ಇದು. ಈಗ ಜಲಾಶಯಕ್ಕೆ ಅವರದೇ ಹೆಸರು. 26 ಬಾಗಿಲುಗಳ ಆ ಗೋಡೆಯ ಮಗ್ಗುಲಲ್ಲಿ ಉದ್ಯಾನಗಳನ್ನು ಬೆಳೆಸಿದ್ದಾರೆ: ಬಂಡೆಗಳ ತೋಟ, ಮೊಘಲ್ ಮಾದರಿಯ ತೋಟ, ಸಂಗೀತಕ್ಕೆ ಕುಣಿಯುವ ಕಾರಂಜಿ. ಹಳ್ಳಿಗಳಿಂದ ಬಂದ ಶಾಲೆಯ ಮಕ್ಕಳು ಸಾಲುಗಟ್ಟಿ ನಡೆಯುತ್ತಿದ್ದರು. ಹೊಸದಾಗಿ ಮದುವೆಯಾದವರು ಪಟ ತೆಗೆಸಿಕೊಳ್ಳುತ್ತಿದ್ದರು. ಎಲ್ಲರ ಮುಖದಲ್ಲಿಯೂ ಸಂತೋಷ. ನನಗೂ ಸಂತೋಷವಾಯಿತು, ಆ ಸಂತೋಷದ ಪಕ್ಕದಲ್ಲಿಯೇ ಬೇವಿನ ನೆರಳು ಬಂದು ಕುಳಿತಿತು.

ಇಂಥ ಅನುಭವ ನಮ್ಮ ನಾಡಿಗೆ ಮಾತ್ರ ಸೇರಿದ್ದೇನೂ ಅಲ್ಲ. ಕೆನಡಾದಲ್ಲಿ ನೆಲೆಸಿರುವ ನನ್ನ ಅಕ್ಕನ ಮಗ ಒಂದು ಬೇಸಗೆಯಲ್ಲಿ ಅಲ್ಲಿಯ ಪೂರ್ವ ಕರಾವಳಿಯನ್ನು ಕುಟುಂಬಸಮೇತ ಕಾರಿನಲ್ಲಿ ಸುತ್ತಿ ಬಂದ. ಕಡಲ ದಂಡೆಯ ಕಾಡು, ಮರಳ ದಿಬ್ಬ, ಅವುಗಳ ನಡುವೆ ಅಕೇಡಿಯನ್ನರ ಸಣ್ಣ ಸಣ್ಣ ಪಟ್ಟಣಗಳು. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನಿಂದ ಬಂದು ನೆಲೆಸಿದ ರೈತರ ಸಂತತಿ ಇವರು. ಫಂಡಿ ಕೊಲ್ಲಿಯ ಭಾರಿ ಉಬ್ಬರಕ್ಕೆ ಮಣ್ಣಿನ ಒಡ್ಡು ಕಟ್ಟಿ, ಮಳೆನೀರನ್ನು ಹೊರಬಿಟ್ಟು ಕಡಲ ನೀರನ್ನು ತಡೆಯುವ ಮರದ ತೂಬು ಇಟ್ಟು, ಉಪ್ಪು ಜವುಗನ್ನು ಗೋಧಿಯ ಹೊಲ ಮಾಡಿದವರು. 1755ರ ಸೆಪ್ಟೆಂಬರಿನಲ್ಲಿ ಗ್ರಾನ್‌ಪ್ರೆ ಎಂಬ ಊರಿನ ಗಂಡಸರನ್ನು ಚರ್ಚಿಗೆ ಕರೆಸಿದ ಬ್ರಿಟಿಷ್ ಅಧಿಕಾರಿ, ನಿಮ್ಮ ಹೊಲ ಮನೆ ದನಕರು ಇನ್ನು ರಾಜನವು, ನೀವು ಹಡಗು ಹತ್ತಬೇಕು ಎಂದು ಹೇಳಿದನು. 1763ರೊಳಗೆ ಹತ್ತು ಸಾವಿರಕ್ಕೂ ಮೇಲ್ಪಟ್ಟ ಜನರನ್ನು ಹೀಗೆ ದೇಶ ಬಿಡಿಸಿದರು. ಮುಂದೆ ಮರಳಿ ಬಂದವರಿಗೆ ತಮ್ಮ ಹೊಲದಲ್ಲಿ ಬೇರೆಯವರು ಉಳುತ್ತಿರುವುದು ಕಂಡಿತು. ಅವರು ದೂರದ ದಂಡೆಗಳಲ್ಲಿ ಹೊಸ ಊರು ಕಟ್ಟಿ ಮೀನು ಹಿಡಿದು ಬದುಕಿದರು.

ಕತೆ ಅಲ್ಲಿಗೆ ಮುಗಿಯಲಿಲ್ಲ. 1969ರಲ್ಲಿ ನ್ಯೂ ಬ್ರನ್ಸ್‌ವಿಕ್ ಪ್ರಾಂತದಲ್ಲಿ ಕೂಶಿಬೂಗ್ವಾಕ್ ಎಂಬ ರಾಷ್ಟ್ರೀಯ ಉದ್ಯಾನವನ್ನು ಮಾಡಲು ಇನ್ನೂರಕ್ಕೂ ಹೆಚ್ಚು ಕುಟುಂಬಗಳನ್ನು ಮತ್ತೆ ಎಬ್ಬಿಸಿದರು; ಅವರಲ್ಲಿ ಬಹುಮಂದಿ ಅದೇ ಅಕೇಡಿಯನ್ನರ ಮೊಮ್ಮಕ್ಕಳು. ಜ್ಯಾಕೀ ವೊಟೂರ್ ಎಂಬಾತ ಮನೆಯನ್ನು ಬುಲ್‌ಡೋಜರು ಕೆಡವಿದ ಮೇಲೂ ಆ ನೆಲದ ಹಕ್ಕು ಬಿಡದೆ 2021ರಲ್ಲಿ ಸಾಯುವ ತನಕ ಹೋರಾಡಿದ. ಆ ಗಲಭೆಯ ಪರಿಣಾಮವಾಗಿ ಜನರನ್ನು ಬಲವಂತವಾಗಿ ಒಕ್ಕಲೆಬ್ಬಿಸಿ ಉದ್ಯಾನ ಮಾಡುವ ಪದ್ಧತಿಯನ್ನು ಕೆನಡಾ ಕೈಬಿಟ್ಟಿತು. 1755ರ ಅನ್ಯಾಯ ನಡೆದದ್ದು ನಿಜವೆಂದು ರಾಣಿಯ ಹೆಸರಿನಲ್ಲಿ ಘೋಷಣೆ ಹೊರಟದ್ದು 2003ರಲ್ಲಿ. ಸುಮಾರು ಇನ್ನೂರ ಐವತ್ತು ವರ್ಷ ಕಾದವರು ಹಣ ಕೇಳಿರಲಿಲ್ಲ. ಆದದ್ದನ್ನು ಆಯಿತೆಂದು ಹೇಳಿ ಎಂದಷ್ಟೇ ಕೇಳಿದ್ದರು.

ಎರಡು ಕತೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಅಲ್ಲಿ ಮೊದಲ ಸಲ ನಡೆದದ್ದು ಯುದ್ಧಕಾಲದ ಕ್ರೌರ್ಯ. ಇಲ್ಲಿ ನಡೆದದ್ದು ನಾವೇ ಆರಿಸಿದ ಸರ್ಕಾರ ನಮ್ಮದೇ ಜನರ ಬಾಯಾರಿಕೆಗಾಗಿ ಮಾಡಿದ ಕೆಲಸ. ಇಲ್ಲಿ ಕಾಯಿದೆಯಿತ್ತು, ಪರಿಹಾರವಿತ್ತು, ಪುನರ್ವಸತಿ ಕೇಂದ್ರಗಳಿದ್ದವು. ಬಾಗಲಕೋಟೆಯವರಿಗಾಗಿ ಕಟ್ಟಿದ ನವನಗರಕ್ಕೆ ಚಾರ್ಲ್ಸ್ ಕೊರಿಯಾರಂಥ ವಾಸ್ತುಶಿಲ್ಪಿ ನಕ್ಷೆ ಹಾಕಿದರು. ಆದರೂ ಎರಡರಲ್ಲಿಯೂ ನೋಟಕನ ಸ್ಥಿತಿ ಒಂದೇ. ಚೆಲುವಾದ ದಂಡೆಯ ಮೇಲೆ ಅವನು ನಿಂತಿದ್ದಾನೆ. ಆ ದಂಡೆ ಹಾಗೆ ಚೆಲುವಾಗಬೇಕಾದರೆ ಬೇರೊಬ್ಬರು ಅಲ್ಲಿಂದ ಏಳಬೇಕಾಯಿತು.

ಇದಕ್ಕೆ ಮೂರು ಸಮಾಧಾನಗಳನ್ನು ಸಾಮಾನ್ಯವಾಗಿ ಹೇಳುತ್ತಾರೆ. ಮೊದಲನೆಯದು ಕಾಲದ ಮಾತು. ಜಗತ್ತಿನಲ್ಲಿ ಯಾರೂ ಬಿಟ್ಟುಹೋಗದ ನೆಲ ಎಲ್ಲಿದೆ? ನೌರಸಪುರದಲ್ಲಿ ಸುಮ್ಮನಿದ್ದವನು ಕೊಲ್ಹಾರದಲ್ಲಿ ಏಕೆ ಕಳವಳಪಡಬೇಕು? ಉತ್ತರ ಸರಳವಾಗಿದೆ. ನೌರಸಪುರದಲ್ಲಿ ಸಾಲಿಗನೂ ಇಲ್ಲ, ಸಾಲಕೊಟ್ಟವನೂ ಇಲ್ಲ. ಕೊಲ್ಹಾರದಲ್ಲಿ ಇಬ್ಬರೂ ಬದುಕಿದ್ದಾರೆ. ಒಬ್ಬಳು ಮೊಸರು ಮಾರುತ್ತಿದ್ದಾಳೆ, ಇನ್ನೊಬ್ಬನು ಕೊಳ್ಳುತ್ತಿದ್ದಾನೆ. ಕಾಲ ಋಣವನ್ನು ತೀರಿಸುವುದಿಲ್ಲ. ಕೇಳುವವರನ್ನು ಇಲ್ಲವಾಗಿಸುತ್ತದೆ, ಅಷ್ಟೆ. ಕೇಳುವವರು ಉಳಿದರೆ ಎರಡೂವರೆ ಶತಮಾನವಾದರೂ ಲೆಕ್ಕ ಮುಚ್ಚುವುದಿಲ್ಲ ಎಂಬುದನ್ನು ಅಕೇಡಿಯನ್ನರು ತೋರಿಸಿದ್ದಾರೆ.

ಎರಡನೆಯದು ಬಹುಜನ ಹಿತದ ಮಾತು. ನೂರಕ್ಕೂ ಹೆಚ್ಚು ಹಳ್ಳಿಗಳು ಮುಳುಗಡೆಯಾದವು, ನಿಜ. ಲಕ್ಷಗಟ್ಟಲೆ ಎಕರೆ ಹಸಿರಾಯಿತಲ್ಲವೆ? ಹಸಿರಾಯಿತು, ಆಗಬೇಕಾಗಿತ್ತು. ಆದರೆ ಲಾಭದಲ್ಲಿ ನಷ್ಟವನ್ನು ಕಳೆದು ಉಳಿದದ್ದನ್ನು ಬರೆದುಕೊಳ್ಳುವುದು ಒಂದೇ ಮನೆಯ ಜಮಾಖರ್ಚಿಗೆ ಸರಿಹೋಗುವ ಪದ್ಧತಿ. ಇಲ್ಲಿ ಲಾಭ ಒಂದು ಮನೆಯದು, ನಷ್ಟ ಇನ್ನೊಂದು ಮನೆಯದು. ತಿಕೋಟಾದ ದ್ರಾಕ್ಷಿ ಎಷ್ಟು ಸಿಹಿಯಾದರೂ ಕೊಲ್ಹಾರದ ಆಯಿಯ ಬಾಯಿಗೆ ಅದರ ರುಚಿ ತಾನಾಗಿ ಮುಟ್ಟುವುದಿಲ್ಲ. ಬಹುಜನರಿಗೆ ಹಿತವಾಯಿತೆಂಬುದು ಅಣೆಕಟ್ಟನ್ನು ಸಮರ್ಥಿಸುತ್ತದೆ, ಸಾಲವನ್ನು ಅಳಿಸುವುದಿಲ್ಲ. ಹಿತ ದೊಡ್ಡದಾದಷ್ಟೂ ಸಾಲವೂ ದೊಡ್ಡದು ಎನ್ನಬೇಕು.

ಮೂರನೆಯ ಸಮಾಧಾನ ಎಲ್ಲಕ್ಕಿಂತ ಸವಿಯಾದದ್ದು, ಆದುದರಿಂದ ಎಲ್ಲಕ್ಕಿಂತ ಅಪಾಯದ್ದು. ಊರು ಕಳೆದುಕೊಂಡವರನ್ನು ಭಾಷಣಗಳಲ್ಲಿ ತ್ಯಾಗಿಗಳೆಂದು ಹೊಗಳುತ್ತೇವೆ. ತ್ಯಾಗವೆಂಬ ಮಾತು ನಮ್ಮಲ್ಲಿ ಅಗ್ಗದ ಮಾತಲ್ಲ. ಇದೇ ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಬಾಳಿದ ಸಿದ್ಧೇಶ್ವರ ಸ್ವಾಮಿಗಳು 2023ರ ಜನವರಿ 2ರಂದು ದೇಹ ಬಿಟ್ಟರು. ತಮ್ಮ ದೇಹವನ್ನು ಹೂಳದೆ ದಹನ ಮಾಡಬೇಕು, ಚಿತಾಭಸ್ಮವನ್ನು ನೀರಿಗೆ ಬಿಡಬೇಕು, ಸ್ಮಾರಕ ಬೇಡ ಎಂದು ಅವರು 2014ರಲ್ಲಿಯೇ ಬರೆದಿಟ್ಟಿದ್ದರು. ಲಕ್ಷಾಂತರ ಜನ ಪೂಜಿಸಲು ಸಿದ್ಧರಿದ್ದಾಗ ಭೂಮಿಯ ಮೇಲೆ ಆರಡಿ ಜಾಗವನ್ನೂ ತನ್ನದೆಂದು ಉಳಿಸಿಕೊಳ್ಳದೆ ಹೋದದ್ದು ತ್ಯಾಗ. ಅದು ತ್ಯಾಗವಾದದ್ದು ಏಕೆಂದರೆ, ಬೇಕೆಂದಿದ್ದರೆ ಉಳಿಸಿಕೊಳ್ಳಬಹುದಾಗಿತ್ತು. ನೋಟೀಸು ಮನೆಯ ಬಾಗಿಲಿಗೆ ಬಂದ ಮೇಲೆ, ನೀರು ಅಂಗಳಕ್ಕೆ ಬರುವ ಮೊದಲು ಎದ್ದುಹೋದವಳಿಗೆ ಅಂಥ ಆಯ್ಕೆ ಎಲ್ಲಿತ್ತು? ಆಕೆ ಕೊಟ್ಟದ್ದಲ್ಲ, ಆಕೆಯಿಂದ ತೆಗೆದುಕೊಂಡದ್ದು. ತೆಗೆದುಕೊಂಡದ್ದನ್ನು ದಾನವೆಂದು ಕರೆದರೆ ಪಡೆದವನಿಗೆ ಬಲು ಅನುಕೂಲ. ದಾನಕ್ಕೆ ಕೈಮುಗಿದರೆ ಸಾಕು, ಸಾಲವನ್ನಾದರೆ ತೀರಿಸಬೇಕು.

ಮನಸಾರೆ ಕೊಟ್ಟದ್ದಕ್ಕೂ ಈ ಹೊಳೆಯ ಮೇಲೆಯೇ ಉದಾಹರಣೆಯಿದೆ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ಸರ್ಕಾರದ ದಾರಿ ಕಾಯದೆ, ತಾವೇ ಹಣ ಕೂಡಿಸಿ, ತಾವೇ ಬೆವರು ಸುರಿಸಿ 1989ರಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅದನ್ನು ಶ್ರಮಬಿಂದು ಸಾಗರವೆಂದು ಕರೆಯುತ್ತಾರೆ. ಅಲ್ಲಿ ಕೊಟ್ಟವರ ಹೊಲಕ್ಕೇ ನೀರು ಹರಿಯಿತು. ಕೊಟ್ಟವನು ಬೇರೆ, ಪಡೆದವನು ಬೇರೆ ಆದಾಗಲೇ ನೀತಿಯ ಪ್ರಶ್ನೆ ಏಳುವುದು. ಎಲ್ಲ ಕೆಲಸವೂ ಚಿಕ್ಕಪಡಸಲಗಿಯಂತೆ ನಡೆಯಲಾರದು; ದೊಡ್ಡ ಅಣೆಕಟ್ಟನ್ನು ಒಂದು ಊರಿನವರು ಕೂಡಿ ಕಟ್ಟಲಾರರು. ಆದುದರಿಂದಲೇ ನಡುವೆ ಸರ್ಕಾರವಿದೆ, ಕಾಯಿದೆಯಿದೆ, ಪರಿಹಾರವಿದೆ. ಕನ್ನಡದಲ್ಲಿ ಪರಿಹಾರವೆಂದರೆ ಕೊಡುವ ಹಣವೂ ಹೌದು, ಸಂಕಟ ಕಳೆಯುವುದೂ ಹೌದು. ಒಂದೇ ಮಾತು ಎರಡು ಅರ್ಥ ಹೊತ್ತಿರುವುದರಿಂದ, ಮೊದಲನೆಯದನ್ನು ಕೊಟ್ಟೊಡನೆ ಎರಡನೆಯದೂ ಆಯಿತೆಂದು ತಿಳಿಯುವುದು ಸುಲಭ. ಬೇವಿನ ಮರದ ಬೆಲೆ ಮೊದಲನೆಯ ಅರ್ಥಕ್ಕೆ ಸೇರಿದ್ದು. ಹತ್ತು ಮನೆಯವರ ನೆರಳು ಎರಡನೆಯದಕ್ಕೆ.

ಹಾಗಾದರೆ ನೋಟಕನು ಮಾಡಬೇಕಾದದ್ದೇನು? ಉದ್ಯಾನದ ಬಾಗಿಲಲ್ಲಿ ಮುಖ ಬಾಡಿಸಿಕೊಂಡು ನಿಲ್ಲಬೇಕೆ? ನಾನು ಹಾಗೆ ತಿಳಿಯುವುದಿಲ್ಲ. ಶಾಲೆಯ ಮಕ್ಕಳ ನಗುವಿನಲ್ಲಿ ಪಾಪವಿಲ್ಲ. ನೀರನ್ನು ನೋಡಿ ಹಿಗ್ಗುವುದು ಮನುಷ್ಯನ ಸಹಜ ಧರ್ಮ, ಬರದ ನಾಡಿನವನಿಗಂತೂ ಅದು ಪೂಜೆಗೆ ಸಮಾನ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಹಿರಿಯರು ಹೇಳುತ್ತಾರೆ. ಎರಡು ಬಗೆಯದಿರಬೇಕಾದರೆ ಉಂಡದ್ದು ಯಾರ ಮನೆಯಲ್ಲಿ ಎಂಬುದು ಮೊದಲು ಗೊತ್ತಿರಬೇಕು. ಅಣೆಕಟ್ಟಿನ ಬಾಗಿಲುಗಳ ಸಂಖ್ಯೆ ನಮಗೆ ಬಾಯಿಪಾಠವಾಗಿದೆ. ನೀರಿನ ಕೆಳಗಿನ ಹಳ್ಳಿಗಳಲ್ಲಿ ಹತ್ತರ ಹೆಸರನ್ನು ಹೇಳಬಲ್ಲವರು ನಮ್ಮಲ್ಲಿ ಎಷ್ಟು ಮಂದಿ? ಆಲಸಿ ಪ್ರವಾಸಕ್ಕೆ ಇರುವ ದೊಡ್ಡ ಗುಣ ಇದೇ. ಬಿರುಸಾಗಿ ಓಡುವವನಿಗೆ ನೀರು ಕಾಣುತ್ತದೆ. ನಿಂತು ಮಾತಾಡಿಸುವವನಿಗೆ ನೀರಿನ ಕೆಳಗಿನ ಊರೂ ಕಾಣುತ್ತದೆ.

ಆದರೆ ತಿಳಿವಳಿಕೆಯಿಂದಲೇ ಋಣ ತೀರುವುದಿಲ್ಲ. ಇಂದು ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಮಟ್ಟ 519.60 ಮೀಟರು. ಅದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿಗೆ ಕೊಟ್ಟಿದೆ. ಆ ನಾಲ್ಕೂವರೆ ಮೀಟರಿನಲ್ಲಿ ನಮ್ಮ ಬಯಲಿನ ಇನ್ನೆಷ್ಟೋ ಹೊಲಗಳ ಬೆಳೆಯಿದೆ; ಇನ್ನಷ್ಟು ಹಳ್ಳಿಗಳೂ ಬಾಗಲಕೋಟೆಯ ಇನ್ನಷ್ಟು ಓಣಿಗಳೂ ಇವೆ. ಮಟ್ಟ ಏರಲಿ ಎಂದು ಕೂಗುವ ಹಕ್ಕು ತಿಕೋಟಾದ ರೈತನಿಗೆ ಇದೆ, ವಿಜಯಪುರದ ನಲ್ಲಿಯ ನೀರು ಕುಡಿಯುವವನಿಗೂ ಇದೆ. ಆ ಕೂಗಿನ ಜೊತೆಯಲ್ಲಿಯೇ ಇನ್ನೊಂದು ಕೂಗನ್ನೂ ಅವರೇ ಹಾಕಬೇಕು: ಏಳುವವರ ಹೊಸ ಮನೆ ಮೊದಲು, ನಮ್ಮ ನೀರು ಆಮೇಲೆ, ಓಣಿಯವರು ಓಣಿಯಾಗಿಯೇ ಹೋಗಲಿ, ಹತ್ತು ಮನೆ ಹತ್ತು ಕಡೆಯಾಗದಿರಲಿ. ಇದನ್ನು ಕಳೆದುಕೊಳ್ಳುವವರೇ ಕೇಳಿದರೆ ಅದು ಅವರ ಬೇಡಿಕೆ ಎನಿಸಿಕೊಳ್ಳುತ್ತದೆ. ಪಡೆಯುವವರು ಕೇಳಿದಾಗ ಅದು ಋಣ ತೀರಿಸುವ ಮೊದಲ ಕಂತಾಗುತ್ತದೆ.